ಬರಿಗೈಯ ವೀರ

ವಲೆನ್ಸಿಯಾ, ಮಾರ್ಚ್ 1956

ಮಾನ್ಯ ಸಂಪಾದಕ ದೋನ್ ಎಲಾದಿಯೊ ಅವರಿಗೆ,

ಸೆನ್ಸಾರಿನವರು ಹೇಳಿದಂತೆ ನಮ್ಮ ಚಿತ್ರಕಥೆಯ ನಾಯಕನ ಕೈಯಲ್ಲಿದ್ದ ಕತ್ತಿಯನ್ನು ಬ್ಲೇಡಿನಿಂದ ಕೆರೆದು, ಆ ಜಾಗದಲ್ಲಿ ಮೋಡ ಬರೆದಿದ್ದೇನೆ. ಈಗ ಅವನು ಗಾಳಿಯೊಡನೆ ಗುದ್ದಾಡುವಂತೆ ಕಾಣುತ್ತಾನೆ. ರಾಜನ ಸೈನಿಕರ ಕತ್ತಿಗಳಿಗೆ ಅವರ ಆಕ್ಷೇಪವಿಲ್ಲವಾದ್ದರಿಂದ ಅವನ್ನು ಮುಟ್ಟಿಲ್ಲ.

ಪುಟಗಳನ್ನು ಒಣಗಲೆಂದು ಅಡುಗೆಮನೆಯಲ್ಲಿ ಇಟ್ಟಿದ್ದೆ. ಬಟಾಣಿ ಸುಲಿಯುತ್ತಿದ್ದ ಅಮ್ಮ ನೋಡಿದಳು.

"ಇದ್ಯಾಕೋ ಫೆರ್ಮಿನ್, ಇವನನ್ನ ಬರಿಗೈಲಿ ನಿಲ್ಸಿದೀಯ?"

"ಮೇಲಿನವರ ಅಪ್ಪಣೆ ಅಮ್ಮಾ," ಎಂದೆ.

"ಯುದ್ಧದಲ್ಲಿ ನಿಮ್ಮಪ್ಪನ್ನೂ ಸೈನಿಕರು ಗುಂಡು ಹೊಡಿಯೋ ಮುಂಚೆ ಹಿಂಗೇ ನಿಲ್ಸಿದ್ರು," ಎಂದು ಮತ್ತೆ ಬಟಾಣಿ ಸುಲಿಯತೊಡಗಿದಳು.

ಆದ್ದರಿಂದ ಒಂದೇ ಕೋರಿಕೆ. ಮುಂದಿನ ವಾರದಿಂದ ಸೈನಿಕರ ಕತ್ತಿಗಳನ್ನೂ ಅಳಿಸಲು ಅನುಮತಿ ಕೊಡಿಸಿ. ಬ್ಲೇಡು ನನ್ನದೇ, ತಮಗೆ ಖರ್ಚಿಲ್ಲ.

ತಮ್ಮ ವಿಧೇಯ,
ಫೆರ್ಮಿನ್