ಗೆರೆಯೊಳಗಿನ ಕನ್ನಡ

೧೨ ಸೆಪ್ಟೆಂಬರ್ ೧೯೯೪, ಸೋಮವಾರ
ಮತ್ತೆ ಅದೇ. ಬೆಳಿಗ್ಗೆ ಪಿರಿಯಡ್, ಮಧ್ಯಾಹ್ನ ಮೆಸ್, ಸಂಜೆ ಫುಟ್‌ಬಾಲ್ ಪ್ರಾಕ್ಟೀಸ್. ಮೊಣಕೈ ತರಚಿದೆ. ಸೊಲ್ಲಾಪುರದ ಮೈದಾನದಲ್ಲಿ ಹುಲ್ಲು ಎಂಬುದು ಬರೀ ಗಾಳಿಸುದ್ದಿ. ಗೋಲ್‌ಕೀಪರ್ ಆದವನು ಕಲ್ಲಿನ ಮೇಲೇ ಬೀಳಬೇಕು.

ಇವತ್ತೊಂದು ತಮಾಷೆ. ಎತ್ತರದ ಬಾಲ್ ಬಂತು. ಮರಾಠಿ ಬಾಯಿಗೆ ಬರಲೇ ಇಲ್ಲ. “ಬಿಡೋ, ನಂದು!” ಎಂದು ಕೂಗಿಬಿಟ್ಟೆ. ಡಿಫೆನ್ಸಿನ ಕೌಶಿಕ ತಕ್ಷಣ ಸರಿದು, “ಓ, ತಗೋ” ಎಂದ. ಕನ್ನಡದಲ್ಲಿ! ಹೋದ ವರ್ಷದಿಂದ ಒಂದೇ ಕ್ಲಾಸು. ಅವನಿಗೆ ಕನ್ನಡ ಬರುತ್ತದೆಂದು ಗೊತ್ತೇ ಇರಲಿಲ್ಲ. ಉಳಿದವರು “ಕಾನಡೀ, ಕಾನಡೀ” ಎಂದು ನಕ್ಕರು. ನಾನೂ ನಕ್ಕೆ.

ಬಾಜಾರದಲ್ಲಿ ಕನ್ನಡ ಬೇಕಾದಷ್ಟು ಕೇಳುತ್ತದೆ. ಕಾಲೇಜಿನ ಗೇಟಿನಲ್ಲಿ ಮಾತ್ರ ಎಲ್ಲರೂ ಅದನ್ನು ಚಪ್ಪಲಿಯಂತೆ ಹೊರಗೆ ಬಿಟ್ಟು ಬರುತ್ತಾರೆ. ರೂಮಿನಲ್ಲಿ ಕೂತು ಆ “ಓ, ತಗೋ” ನೆನೆಸುತ್ತಿದ್ದೇನೆ. ಹುಚ್ಚು.

೧೫ ಅಕ್ಟೋಬರ್
ಬಾರ್ಶಿಯವರನ್ನು ಸೋಲಿಸಿದೆವು. ನಮ್ಮಿಬ್ಬರ ಕೂಗು ಅವರಿಗೆ ಒಂದೂ ತಿಳಿಯಲಿಲ್ಲ. ಕೋಚ್ ಸರ್ ಫುಲ್ ಖುಷ್. “ಗುರುನಾಥ, ಕೌಶಿಕ, ಇನ್ಮುಂದೆ ಮೈದಾನದಲ್ಲಿ ಕಾನಡೀತಚ್ ಬೋಲಾ” ಎಂದು ಆರ್ಡರ್. ಕನ್ನಡದಲ್ಲೇ ಮಾತಾಡಬೇಕಂತೆ! ಸರ್ ಬಾಯಿಗೆ ಸಕ್ಕರೆ ಹಾಕಬೇಕು.

“ಎಡಕ್ಕ ಒಬ್ಬ ಬಂದಾನ!”
“ನಾ ನೋಡ್ಕೋತೀನಿ, ನೀ ಹಿಂದ ಇರು!”

ಮ್ಯಾಚ್ ಮುಗಿಯುವವರೆಗೆ ಹೀಗೇ. ವಿಸಿಲ್ ಆಯಿತು. ಗೆರೆ ದಾಟಿದ ಕೌಶಿಕ, “ಚಲ್ ರೇ, ಚಹಾ ಘೇಊ” ಎಂದ. “ನಡಿ, ಕುಡಿಯೋಣು” ಎಂದೆ. ಆಚೀಚೆ ನೋಡಿದ. ಉಳಿದವರ ಜೊತೆ ಸೇರಿಕೊಂಡು ಮುಂದೆ ಹೋದ.

೧೯ ನವೆಂಬರ್
ಅವನ ಸಾಕ್ಸ್ ನನ್ನ ಚೀಲಕ್ಕೆ ಬಂದಿತ್ತು. ಕೊಡಲು ಮನೆಗೆ ಹೋದೆ. (ಸೋಮವಾರ ಕಾಲೇಜಿನಲ್ಲೂ ಕೊಡಬಹುದಿತ್ತು. ಇರಲಿ.) ಅವನ ತಂದೆ ಕಲೆಕ್ಟರ್ ಕಚೇರಿಯಲ್ಲಿ ಕ್ಲರ್ಕ್. ಜೋಕಾಲಿಯ ಮೇಲೆ ಅಜ್ಜಿ, ದ್ವಾರಕಾಬಾಯಿ.

“ಬಾರಪಾ, ಕೂಡು. ಯಾವೂರು ನಿಂದು?”
“ಕುರನೂರ್ರಿ ಆಯಿ. ಅಕ್ಕಲಕೋಟ ತಾಲೂಕ.”
“ನಮ್ಮ ಕೌಶಿಕಗ ನಾಕು ಕನ್ನಡ ಮಾತು ಕಲಸಪಾ. ನಾ ಕನ್ನಡದಾಗ ಕೇಳಿದ್ರ ಮರಾಠಿಯೊಳಗ ಹೇಳ್ತಾನ.”

ಮೈದಾನಕ್ಕೆ ಬಂದು ಕೇಳ್ರಿ ಆಯಿ, ಎನ್ನಬೇಕೆಂದಿದ್ದೆ. ಕೌಶಿಕ ಬಾಗಿಲಲ್ಲಿ ನಿಂತಿದ್ದ. ಸಾಕ್ಸ್ ಅವನ ಕೈಗಿಟ್ಟು ಹೊರಟೆ.

೨೦ ಡಿಸೆಂಬರ್
ಸೆಮಿಫೈನಲ್ ಗೆದ್ದೆವು. ಎದುರಿಗೆ ಸಾತಾರಾದವರು. ನಮ್ಮ ಕಾಲೇಜು ಫೈನಲ್ ಕಂಡದ್ದೇ ಇಲ್ಲವಂತೆ. ಹುಡುಗರು ಕಪ್ಪಿನ ಕನಸಿನಲ್ಲಿದ್ದಾರೆ. ನನ್ನ ಲೆಕ್ಕ ಬೇರೆ. ಗೆದ್ದರೆ ಮುಂದಿನ ಮ್ಯಾಚು. ಮ್ಯಾಚು ಇದ್ದರೆ ಅವನ ಮಾತು. ಇನ್ನು ಒಂದೇ ಬಾಕಿ... ಆಮೇಲೆ?

ಧೈರ್ಯ ಮಾಡಿ ಕೇಳಿದೆ. “ಎಳ್ಳಮಾವಾಸಿಗೆ ನಮ್ಮೂರಿಗೆ ಬಾ. ಹೊಲದಾಗ ಚರಗ ಚೆಲ್ಲೋದು ನೋಡೀಯಂತ.”
“ಬಘೂ” ಎಂದ. ನೋಡೋಣ, ಅಂತ. ಇಲ್ಲ ಅನ್ನಲಿಲ್ಲವಲ್ಲ.

೧ ಜನವರಿ ೧೯೯೫, ಭಾನುವಾರ. ಕುರನೂರ
ಬರಲಿಲ್ಲ. ಅಕ್ಕಲಕೋಟ ಸ್ಟ್ಯಾಂಡಿನಲ್ಲಿ ಬಸ್ಸು ಬಿಟ್ಟು ಬಿಟ್ಟು ಕಾದೆ.

ಜೋಳ ಎದೆಮಟ್ಟ ಬಂದಿದೆ. ಅಪ್ಪ ಮುಂದೆ ಪೈರಿಗೆ ಚರಗದ ಅನ್ನ, ಪಲ್ಯ ಚೆಲ್ಲುತ್ತ ಕೂಗುವುದು, ನಾನು ಹಿಂದೆ ನೀರು ಬಿಡುತ್ತ ಓಗೊಡುವುದು. ಪ್ರತಿ ವರ್ಷದ್ದೇ. ಈ ಸಲ ಓಗೊಡುತ್ತಲೇ ದಾರಿಯ ಕಡೆ ನೋಡಿದೆ.

“ನಿನ್ನ ದೋಸ್ತ ಬರ್ಲಿಲ್ಲೇನೋ? ಅವನ ಸಲುವಾಗಿ ಹೋಳಿಗಿ ಬ್ಯಾರೆ ಕಟ್ಟೀನಿ” ಎಂದಳು ಅವ್ವ.
“ಪ್ರಾಕ್ಟೀಸ್ ಐತಿ ಅಂವಗ.”
ಇವತ್ತು ಪ್ರಾಕ್ಟೀಸ್ ಇಲ್ಲ. ಅವನ ಪಾಲಿನದನ್ನೂ ನಾನೇ ತಿಂದೆ.

೬ ಜನವರಿ, ಕೊಲ್ಲಾಪುರ
ನಾಳೆ ಫೈನಲ್. ಎದುರಾಳಿ ಟೀಮಿನಲ್ಲಿ ಇಬ್ಬರು ಫಾರ್ವರ್ಡ್ ಗಡಹಿಂಗ್ಲಜದವರು, ಕನ್ನಡ ಚೆನ್ನಾಗಿ ಬರುತ್ತದೆ ಎಂದು ಸರ್‌ಗೆ ಯಾರೋ ಹೇಳಿದರು. ಹೊಸ ಆರ್ಡರ್ – ಕನ್ನಡ ಬಂದ್. ನಾಳೆ ಮರಾಠಿ.

ಕೌಶಿಕನ ಮುಖ ನೋಡಿದೆ. ಹಗುರಾದಂತೆ ಕಂಡಿತು. ಸಿಟ್ಟು ಬಂತು. ಸುಳ್ಳು ಯಾಕೆ.

೭ ಜನವರಿ
ಗೆದ್ದೆವು. ಒಂದು–ಸೊನ್ನೆ. ಚಾಂಪಿಯನ್ಸ್.

ಆಟ ಮುಗಿಯುತ್ತ ಬಂದಾಗ ಎತ್ತರದ ಬಾಲ್. ಮರಾಠಿ ಮತ್ತೆ ಕೈಕೊಟ್ಟಿತು. “ಬಿಡೋ, ನಂದು!” ಅಂದೆ. ಅವರ ಫಾರ್ವರ್ಡಿಗೂ ತಿಳಿಯಿತು. ನನ್ನ ಕಡೆಗೇ ನುಗ್ಗಿ ಬಂದ. ಮೊಣಕಾಲು ಪಕ್ಕೆಗೆ ಬಡಿಯಿತು. ಬಾಲ್ ಬಿಡಲಿಲ್ಲ. “ಊಠ್ ರೇ” ಎಂದು ಕೌಶಿಕ ಕೈ ಚಾಚಿದ. ಬಡಿದವನೇ ಬಗ್ಗಿ ಕೇಳಿದ – “ಭಾಳ ಪೆಟ್ಟಾತೇನ್ರಿ?”

ಎಲ್ಲ ಮುಗಿದ ಮೇಲೆ ಅವನೇ ಹುಡುಕಿಕೊಂಡು ಬಂದ. ಪೀರಪ್ಪ ಅಂತ. ಸೋತು ಕಣ್ಣು ಕೆಂಪಾಗಿದ್ದವು. ಗ್ಯಾಲರಿಯ ಹಿಂದೆ ಕೂತೆವು. ಮನೆ, ಹೊಲ, ಮೆಸ್ಸಿನ ತೆಳ್ಳನೆ ಸಾರು – ಬಾಯಿ ನಿಲ್ಲಲೇ ಇಲ್ಲ ನನಗೆ. “ನಮ್ಮಲ್ಲೂ ಕಾನಡೀ ಅಂತ ನಗ್ತಾರ್ರಿ. ನಾ ಇನ್ನಷ್ಟು ಜೋರ್ ಮಾತಾಡ್ತೀನಿ” ಎಂದ.

ಹೊರಳಿ ಬಂದರೆ ಫೋಟೋಗ್ರಾಫರ್ ಸ್ಟ್ಯಾಂಡ್ ಮಡಿಸುತ್ತಿದ್ದ. ಟೀಮ್ ಫೋಟೋ ಆಗಿಹೋಗಿತ್ತು. “ಅರೇ, ತೂ ನವ್ಹತಾಸ್?” ಎಂದ ಕ್ಯಾಪ್ಟನ್ ಪರಾಗ. ನೀನಿರಲಿಲ್ಲವಾ, ಅಂತ! ಕೀಪರ್ ಇಲ್ಲದ ಚಾಂಪಿಯನ್ ಟೀಮು.

೮ ಫೆಬ್ರವರಿ
ಬರೆಯಲು ಏನೂ ಇರಲಿಲ್ಲ.

ಫೋಟೋ ಫ್ರೇಮ್ ಆಗಿ ಬಂದಿದೆ. ಆಫೀಸಿನ ಎದುರಿನ ಗೋಡೆಗೆ ಹಾಕಿದ್ದಾರೆ. ಎಲ್ಲರೂ ಮುತ್ತಿಕೊಂಡು ತಮ್ಮ ತಮ್ಮ ಮುಖ ನೋಡುತ್ತಿದ್ದರು. ನಾನೂ ನಿಂತೆ, ಯಾಕೋ. ಪಕ್ಕದಲ್ಲಿ ಕೌಶಿಕ. ಫೈನಲ್ ಆದ ಮೇಲೆ ಇಷ್ಟು ಹತ್ತಿರ ನಿಂತದ್ದೇ ಇವತ್ತು.

“ತೂ ಕುಠೇ ಆಹೇಸ್ ರೇ?” ಎಂದ. ನೀನೆಲ್ಲಿದ್ದೀ?
“ಮೀ ನಾಹೀ” ಎಂದೆ. ನಾನಿಲ್ಲ. ಆ “ಓ, ತಗೋ” ಆದಮೇಲೆ, ಮೈದಾನದ ಹೊರಗೆ ಅವನ ಜೊತೆ ಮರಾಠಿ ಆಡಿದ್ದು ಅದೇ ಮೊದಲು. ಬಾಯಿ ತಡವರಿಸಲಿಲ್ಲ.

ನನ್ನನ್ನೇ ನೋಡಿದ. ಪರಾಗ ಇದ್ದ, ಉಳಿದವರಿದ್ದರು, ಕಾರಿಡಾರ್ ತುಂಬ ಜನ. ಅಷ್ಟೂ ಜನರ ನಡುವೆ, ಗಟ್ಟಿಯಾಗಿ –

“ಗುರ್ಯಾ, ನನ್ನ ಜೋಡಿ ಹಂಗ್ಯಾಕ ಮಾತಾಡ್ತೀಯೋ?”

ಯಾರೋ ನಕ್ಕರು. ಅವನು ನಗಲಿಲ್ಲ. ಇಡೀ ಸೀಸನ್ ಕಾದದ್ದು ಇದಕ್ಕೇ. ಕೇಳಿಸದವನಂತೆ ನಡೆದುಬಿಟ್ಟೆ. ಮೆಟ್ಟಿಲಿಳಿದೆ. ಮತ್ತೊಮ್ಮೆ ಕರೆದ, ಮೇಲಿನಿಂದ, ಕನ್ನಡದಲ್ಲೇ. ಒಂದು “ಓ” ಅಂದಿದ್ದರೆ ಸಾಕಿತ್ತು. ನಾನು ಗೇಟಿನವರೆಗೆ ತಿರುಗಿ ನೋಡಲಿಲ್ಲ; ಈ ಸಲ ಕಾಯುವ ಸರದಿ ಅವನದು.