ಗಡಿಗೆಯ ಮೇಲಿನ ಪಾಟಿ

ಬೆಟಗೇರಿ
ಶುಕ್ರವಾರ, ೨೩-೧೧-೧೯೫೬

ಚಿ. ಸೌ. ಮಂಜವ್ವಳಿಗೆ ನಿನ್ನ ಅವ್ವ ಸುಮಿತ್ರವ್ವನ ಆಶೀರ್ವಾದ.

ನಿನ್ನ ಕಾರ್ಡು ಬಂದು ಹದಿನೈದು ದಿನವಾದವು. ಉತ್ತರ ಬರೆಯದೆ ಕೂತೆನೆಂದು ಸಿಟ್ಟಾಗಬೇಡ. ಅಂಚೆಗೆ ಹಾಕಿದರೆ ನಿಮ್ಮ ಮಾವನವರು ಓದಿ ಆಮೇಲೆ ನಿನಗೆ ಕೊಡುತ್ತಾರೆ. ಅದಕ್ಕೇ ಬಳೆಗಾರ್ತಿ ದಿಲಶಾದಬಿ ಲಕ್ಷ್ಮೇಶ್ವರದ ಕಡೆ ಹೊರಡುವುದನ್ನು ಕಾದೆ. "ನಿನ್ನ ಮಗಳ ಕೈಯಾಗ ಕೊಡ್ತೀನಿ, ಚಿಂತಿ ಬಿಡು" ಎಂದಿದ್ದಾಳೆ. ಬಳೆ ಇಡಿಸಿಕೊಳ್ಳುವ ನೆಪದಲ್ಲಿ ಒಳಗೆ ಕೂತು ಓದು.

ಏಳು ತಿಂಗಳು ತುಂಬಿತಲ್ಲ, ಕಾಲು ಬಾತಿವೆಯೇ? ಹುಣಸೆಹಣ್ಣು ಹೆಚ್ಚು ತಿನ್ನಬೇಡ. ನಿನ್ನ ಕುಬಸದ ಶಾಸ್ತ್ರಕ್ಕೆಂದು ನಿಮ್ಮಪ್ಪ ತಮ್ಮ ಮಗ್ಗದಲ್ಲೇ ಹಸಿರು ಸೀರೆ ನೇಯ್ದಿದ್ದಾರೆ. ಅದನ್ನುಡಿಸಿ ನಿನ್ನನ್ನು ಹೆರಿಗೆಗೆ ಕರೆತರಬೇಕೆಂದರೆ ನಡುವೆ ಒಂದು ಚೀಟಿ ಅಡ್ಡ ನಿಂತಿದೆ.

ಹೋದ ವಾರ ನಿಮ್ಮ ಮಾವ ಬೀರಲಿಂಗಪ್ಪನವರು ಬಂದಿದ್ದರು. ಕೊಟ್ಟ ನೀರು ಮುಟ್ಟಲಿಲ್ಲ. ವಾರಪತ್ರಿಕೆಯೊಂದರ ಏಕೀಕರಣದ ವಿಶೇಷ ಸಂಚಿಕೆಯನ್ನು ಮಗ್ಗದ ಮೇಲೆ ಒಗೆದು, "ಈ ಕಥಿ ಬರದಾಕಿ ನೀವs ಏನ್ರಿ?" ಎಂದರು.

ಈ ಬರೆಯುವ ಹುಚ್ಚು ಹೇಗೆ ಹತ್ತಿತೆಂದು ನಿನಗೂ ಪೂರ್ತಿ ಗೊತ್ತಿಲ್ಲ. ನಾನು ಓದಿದ್ದೆಲ್ಲ ಅಂಗಡಿಯವರು ಸಾಮಾನು ಕಟ್ಟಿಕೊಟ್ಟ ಕಾಗದ. ಸಕ್ಕರೆಯನ್ನು ಡಬ್ಬಿಗೆ ಸುರಿದು ಕಾಗದ ಬಿಡಿಸಿದರೆ ಕಥೆ ಅರ್ಧಕ್ಕೇ ಹರಿದಿರುತ್ತಿತ್ತು. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಓಣಿಯ ಹೆಂಗಸರಿಗೆ ಅದನ್ನೇ ಓದಿ ಹೇಳುತ್ತಿದ್ದೆ. "ಮುಂದ ಏನಾತು?" ಎಂದು ಅವರು ಕೇಳಿದರೆ, ಗೊತ್ತಿಲ್ಲ ಎನ್ನಲು ನನ್ನ ಸೊಕ್ಕು ಬಿಡಬೇಕಲ್ಲ! ಉಳಿದದ್ದನ್ನು ಕಟ್ಟಿ ಹೇಳುತ್ತಿದ್ದೆ. ಒಂದು ದಿನ ನಿನ್ನ ಶಾಲೆಯ ಹಳೆಯ ನೋಟುಬುಕ್ಕಿನ ಖಾಲಿ ಹಾಳೆಗಳಲ್ಲಿ ನನ್ನದೇ ಒಂದನ್ನು ಬರೆದೆ. ಬರೆದದ್ದನ್ನು ಓದಿಕೊಂಡಾಗ, ಇವಳು ಯಾರು, ಇಷ್ಟು ವರ್ಷ ಎಲ್ಲಿದ್ದಳು ಎನ್ನಿಸಿ ಅಳು ಬಂತು. ಮೂವತ್ತೆಂಟರ ವಯಸ್ಸಿಗೆ ನನಗೆ ನನ್ನದೇ ಪರಿಚಯವಾಯಿತು ಮಗಳೇ.

ಅದೇ ಕಥೆ ಅಚ್ಚಾಗಿದೆ. ಒಬ್ಬ ಹುಡುಗಿ ಮದುವೆಯ ಟ್ರಂಕಿನಲ್ಲಿ ಸೀರೆಗಳ ಕೆಳಗೆ ತಾನು ಶಾಲೆಯಲ್ಲಿ ಬರೆಯುತ್ತಿದ್ದ ಪಾಟಿ ಬಚ್ಚಿಟ್ಟುಕೊಂಡು ಗಂಡನ ಮನೆಗೆ ಹೋಗುತ್ತಾಳೆ. ಅತ್ತೆ ಅದನ್ನು ತೆಗೆದು ಮಜ್ಜಿಗೆ ಗಡಿಗೆಗೆ ಮುಚ್ಚಳ ಮಾಡುತ್ತಾಳೆ. ಪಂಚಮಿಗೆ ಬಂದಾಗ ನೀನೇ ನಕ್ಕು ಹೇಳಿದ್ದು. ಹೆಸರು ಬದಲಿಸಿದೆ, ಊರು ಬದಲಿಸಿದೆ, ಪಾಟಿ ಬದಲಿಸಲು ಮರೆತೆ. ಖರೆ ಹೇಳಲೇ? ಮರೆಯಲಿಲ್ಲ, ಮನಸ್ಸು ಬರಲಿಲ್ಲ.

"ನಮ್ಮ ಮನಿ ಗಡಿಗಿ ಮ್ಯಾಲ ಪಾಟಿ ಐತಿ ಅನ್ನೂದು ಮನಿಗೆ ಬಂದು ಹೋಗೋರಿಗೆಲ್ಲ ಗೊತ್ತೈತಿ. ಕಟ್ಟಿ ಮ್ಯಾಲ ಕುಂತು ಓದಿ ನಗಾಕತ್ತಾರ" ಎಂದರು ನಿಮ್ಮ ಮಾವ. "ಇದು ನಾ ಬರದಿದ್ದಲ್ಲ, ಇನ್ನ ಮುಂದ ಬರಿಯೂದೂ ಇಲ್ಲ ಅಂತ ಬರದು ಸಹಿ ಮಾಡ್ರಿ. ಚೀಟಿ ಕೈಗೆ ಬಂದ್ರ ಸೊಸಿನ್ನ ಕಳಸ್ತೀನಿ. ಇಲ್ಲಂದ್ರ ಹಡಿಯೂದು ನಮ್ಮಲ್ಲೇ, ತವರಿನವರು ಹೊಸ್ತಿಲಾ ತುಳಿಯೂದು ಬ್ಯಾಡ."

ಅವರು ಹೋದ ಮೇಲೆ ನಿಮ್ಮಪ್ಪ, "ಒಂದು ಸಹಿ, ಮಾಡಿ ಒಗಿ. ಮಗಳಿಗಿಂತ ಕಥಿ ದೊಡ್ಡದೇನು?" ಎಂದರು. ಆದರೆ ಅವತ್ತು ಅವರೇ ಮಗ್ಗದಲ್ಲಿ ಮೂರು ಸಲ ನೂಲು ಹರಿದುಕೊಂಡರು. ರಾಜ್ಯ ಒಂದಾಯಿತೆಂದು ಒಂದನೇ ತಾರೀಖು ಓಣಿಯಲ್ಲೆಲ್ಲ ಪೇಡೆ ಹಂಚಿದ್ದೇ ಹಂಚಿದ್ದು. ಲಕ್ಷ್ಮೇಶ್ವರದಿಂದ ಬೆಟಗೇರಿಗೆ ಮಗಳು ಬರಬೇಕೆಂದರೆ ಮಾತ್ರ ಚೀಟಿ ಬೇಕಂತೆ!

ಚೀಟಿ ಬರೆದಿದ್ದೇನೆ. ಇದರೊಳಗೇ ಮಡಚಿಟ್ಟಿದ್ದೇನೆ, ಸಹಿಯೂ ಇದೆ. ಸೋಮವಾರ ನಿಮ್ಮಪ್ಪ ಸೀರೆ ತೆಗೆದುಕೊಂಡು ಬರುತ್ತಾರೆ. ತವರಿಗೆ ಬರಬೇಕೆನಿಸಿದರೆ ಚೀಟಿಯನ್ನು ಮಾವನವರಿಗೆ ಕೊಡು, ನಾನು ಮತ್ತೆ ಪೆನ್ನು ಹಿಡಿಯುವುದಿಲ್ಲ. ಚೀಟಿ ಕೊಡುವುದು ಬೇಡವೆನಿಸಿದರೆ ಒಲೆಗೆ ಹಾಕು. ಆಗ ನಾನೇ ಬಂದು, ಅವರು ಬಾಗಿಲು ಹಾಕಿಕೊಂಡರೂ, ನಿಮ್ಮ ಕಟ್ಟೆಯ ಮೇಲೆ ಕೂಡುತ್ತೇನೆ. ನೀನು ಏನು ಮಾಡಿದರೂ ನನಗೆ ಬೇಸರವಿಲ್ಲ. ಹೆದರಿಕೆ ಮಾತ್ರ ಇದೆ, ಇಲ್ಲವೆಂದರೆ ಸುಳ್ಳಾದೀತು.

ಹೊಟ್ಟೆಯೊಳಗಿನದು ಗಂಡೋ ಹೆಣ್ಣೋ, ಹುಟ್ಟಿದ ಕೂಡಲೇ ಓಣಿಗೆಲ್ಲ ಕೇಳುವ ಹಾಗೆ ಅಳುವ ಕೂಸಾಗಲಿ. ನೀನು ನೂರು ವರ್ಷ ಸುಖವಾಗಿರು.

ನಿನ್ನ ಅವ್ವ
ಸುಮಿತ್ರವ್ವ

ತಾ.ಕ.: ಕಥೆಯ ಕೊನೆಗೆ ತಾಯಿ ಬೀಗರ ಮನೆಗೆ ಹೋಗಿ, ಗಡಿಗೆಯ ಮೇಲಿನ ಪಾಟಿ ತೆಗೆದು, ಸೆರಗಿನಿಂದ ಒರೆಸಿ ಮಗಳ ಕೈಗೆ ಕೊಡುತ್ತಾಳೆ. ಆ ತಾಯಿ ನಾನಲ್ಲ. ನಿನ್ನ ಮದುವೆ ಗೊತ್ತಾದಾಗ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಎರಡೇ ತಿಂಗಳಿತ್ತು. "ಅವ್ವಾ, ಪರೀಕ್ಷಾ ಮುಗದ ಮ್ಯಾಲ ಮಾಡ್ರಿ ಅಂತ ಅಪ್ಪಗ ಹೇಳ" ಎಂದು ನೀನು ನನ್ನ ಕಾಲು ಹಿಡಿದಿದ್ದೆ. ಮರುದಿನ ನಾನು, "ಅಪ್ಪ ಒಲ್ಲೆ ಅಂದ್ರು" ಎಂದೆ. ಮಂಜವ್ವಾ, ಒಳ್ಳೆಯ ಸಂಬಂಧ ಕೈತಪ್ಪೀತೆಂದು ಹೆದರಿ ನಾನು ಅವರನ್ನು ಕೇಳಿರಲೇ ಇಲ್ಲ. ಅದನ್ನೂ ಕಟ್ಟಿ ಹೇಳಿದ್ದೆ. ನಿಮ್ಮಪ್ಪನಿಗೆ ಇವತ್ತಿಗೂ ಗೊತ್ತಿಲ್ಲ. ಇದನ್ನು ಓದಿಯಾದ ಮೇಲೆ ಚೀಟಿಯ ವಿಚಾರ ಮಾಡು.