ನೀಲಿ ಚುಕ್ಕೆ

ಸ್ಟಾಫ್ ರೂಮಿನಿಂದ,
ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಮ್ಮ,

ನಿನ್ನ ಮಗಳ ನಮಸ್ಕಾರ. ನಾನು ಚೆನ್ನಾಗಿದ್ದೇನೆ, ಇವರೂ ಚೆನ್ನಾಗಿದ್ದಾರೆ. ಈ ಪತ್ರ ತರುವ ನಮ್ಮ ಸಂಗೀತದ ಟೀಚರ್ ಕೈಯಲ್ಲೇ ಎರಡು ಪರದೆಗಳನ್ನೂ ಕಳಿಸಿದ್ದೇನೆ. ಅಂಚಿನ ಹೊಲಿಗೆ ಸೊಟ್ಟಗಿದೆ ಎಂದು ನೋಡಿದ ತಕ್ಷಣ ಕತ್ತರಿ ತೆಗೆದುಕೊಳ್ಳುತ್ತೀಯ, ನನಗೆ ಗೊತ್ತು. ದರ್ಜಿಯ ಕೈ ಸುಮ್ಮನಿರುವುದಿಲ್ಲ. ದಯವಿಟ್ಟು ಪೂರ್ತಿ ಓದುವ ತನಕ ಬಿಚ್ಚಬೇಡ. ಟೀಚರ್ ಹೊರಟು ಹೋಗುವ ತನಕವಂತೂ ಬೇಡವೇ ಬೇಡ.

ಒಂದು ಎಡವಟ್ಟು ಮಾಡಿಕೊಂಡಿದ್ದೇನೆ ಅಮ್ಮ.

ಎಂಟನೆಯ ತರಗತಿಗೆ ಈ ತಿಂಗಳು ಬಡತನದಲ್ಲಿ ಮನೆ ನಡೆಸುವ ಪಾಠವಿತ್ತು. ಪುಸ್ತಕದಲ್ಲಿ ಆದಾಯ, ಖರ್ಚು, ಉಳಿತಾಯ ಎಂದು ಗೆರೆ ಹಾಕಿ ಮುಗಿಸಿಬಿಟ್ಟಿದ್ದಾರೆ. ನನ್ನ ಹುಡುಗಿಯರೆಲ್ಲ ಕೂಲಿಯವರ ಮಕ್ಕಳು. ಅವರ ಮುಂದೆ ಉಳಿತಾಯ ಎಂದು ಓದಲು ನನಗೇ ನಾಚಿಕೆ. ಅದಕ್ಕೆ ಆಟ ಆಡಿಸಿದೆ. ಒಂದೊಂದು ಗುಂಪು ಒಂದೊಂದು ಮನೆ, ಕೈಗೆ ಬಿಡಿಗಾಸು, ಡಬ್ಬದಿಂದ ಚೀಟಿ ಎತ್ತಬೇಕು: ಮಗುವಿಗೆ ಜ್ವರ, ಬಾಡಿಗೆ ಏರಿತು, ಚಪ್ಪಲಿ ಕಿತ್ತುಹೋಯಿತು. ನೆಂಟರು ಬಂದರು ಎಂಬ ಚೀಟಿ ಎತ್ತಿದ ಗುಂಪು ಬೆಂಚನ್ನು ಬಾಗಿಲಿನಂತೆ ಅಡ್ಡ ಇಟ್ಟು, ಮನೆಯಲ್ಲಿ ಯಾರೂ ಇಲ್ಲದವರ ಹಾಗೆ ಉಸಿರು ಬಿಗಿಹಿಡಿದು ಕೂತಿತು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆಮೇಲೆ ಗಮನಿಸಿದೆ: ದುಡ್ಡು ಸಾಲದಾಗ ಎಲ್ಲ ಗುಂಪುಗಳೂ ಮೊದಲು ಕತ್ತರಿ ಹಾಕಿದ್ದು ತಾಯಿಯ ಖರ್ಚಿಗೆ. ಅವಳ ಔಷಧಿ, ಅವಳ ಚಪ್ಪಲಿ. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ.

ತಾಯಿ ದುಡಿಯುವುದು ಈ ಮಕ್ಕಳ ಕಣ್ಣಿಗೆ ಕಾಣಬೇಕು ಅನ್ನಿಸಿತು. ನನ್ನ ಅತಿಬುದ್ಧಿ ಶುರುವಾದದ್ದು ಅಲ್ಲಿಂದ. ನಿಮ್ಮ ಮನೆಯ ಚಿತ್ರ ಬರೆಯಿರಿ, ಅಪ್ಪನ ದುಡಿಮೆಯ ಹಣ ಇರುವ ಕಡೆ ಕೆಂಪು ಚುಕ್ಕೆ ಇಡಿ, ಅಮ್ಮನದು ಇರುವ ಕಡೆ ನೀಲಿ ಚುಕ್ಕೆ ಇಡಿ ಎಂದೆ. ಸುಳ್ಳು ಬರೆಯಬಾರದು ಎಂದು ಬೇರೆ ಹೇಳಿದೆ.

ಮಕ್ಕಳು ಸುಳ್ಳು ಬರೆಯಲಿಲ್ಲ. ಕೆಂಪು ಚುಕ್ಕೆಗಳೆಲ್ಲ ಅಂಗಿಯ ಜೇಬಿನಲ್ಲಿ. ನೀಲಿ ಚುಕ್ಕೆಗಳೋ, ದಿಂಬಿನೊಳಗೆ, ಕ್ಯಾಲೆಂಡರಿನ ಹಿಂದೆ, ಕೆಟ್ಟ ಮಿಕ್ಸಿಯ ಹೊಟ್ಟೆಯಲ್ಲಿ. ಎಷ್ಟು ಚೆಂದದ ಚಿತ್ರಗಳು ಎಂದು ಒಂದೊಂದಕ್ಕೂ ಶಹಬ್ಬಾಸ್ ಬರೆದೆ. ಹೆಡ್ ಮಿಸ್ ಖುಷಿಯಾಗಿ, ಶನಿವಾರದ ಪೋಷಕರ ಸಭೆಗೆ ಎಲ್ಲವನ್ನೂ ಕಾರಿಡಾರಿನ ಗೋಡೆಗೆ ಅಂಟಿಸಿದರು. ಸಾಲದು ಎಂಬಂತೆ, ತಂದೆಯಂದಿರು ತಪ್ಪದೆ ಬರಬೇಕು ಎಂದು ನಾನೇ ಮನೆಮನೆಗೆ ಹೇಳಿ ಕಳಿಸಿದ್ದೆ.

ಬಂದರು. ಎಂದೂ ಬಾರದವರೂ ಬಂದರು. ತಾಯಂದಿರು ಗೋಡೆ ನೋಡಿದವರೇ ಗಂಡಂದಿರನ್ನು ಬೇಗ ಬೇಗ ಮುಂದಕ್ಕೆ ಕರೆದುಕೊಂಡು ಹೋದರು. ಒಬ್ಬಾಕೆ ಚಿತ್ರದ ಮೇಲೆ ಅಂಗೈ ಇಟ್ಟುಕೊಂಡು, ಸಭೆ ಮುಗಿಯುವ ತನಕ ಅಲ್ಲಿಂದ ಕದಲಲಿಲ್ಲ. ಏನೋ ಕಾಲುನೋವು, ಗೋಡೆಗೆ ಆನಿಕೊಂಡಿದ್ದಾರೆ ಅಂದುಕೊಂಡು ಕುರ್ಚಿ ತಂದುಕೊಟ್ಟೆ ನೋಡು, ಅಂಥ ಪೆದ್ದಿ ನಾನು.

ನನ್ನ ಕಣ್ಣು ತೆರೆಸಿದ್ದು ಗೋದಾಮಿನಲ್ಲಿ ಮೂಟೆ ಹೊರುವ ಒಬ್ಬ ತಂದೆ. ಮಗಳ ಚಿತ್ರದ ಮುಂದೆ ನಿಂತು, ಈ ನೀಲಿ ಏನಮ್ಮ ಎಂದು ಕೇಳಿದ. ಹುಡುಗಿ ನಾನು ಕಲಿಸಿದ ಹಾಗೆಯೇ, “ಕೆಂಪು ನಿಂದು ಅಪ್ಪ, ನೀಲಿ ಅಮ್ಮಂದು. ಹಿಟ್ಟಿನ ಡಬ್ಬದ ತಳದಲ್ಲಿ ಇಡ್ತಾಳೆ” ಎಂದು ಹೆಮ್ಮೆಯಿಂದ ಹೇಳಿತು. ಅವನು ಮಗಳ ತಲೆ ಸವರಿ, ಚಹಾ ಕೂಡ ಕುಡಿಯದೆ ಹೊರಟ. ಆಮೇಲೆ ಹುಡುಗಿಯಿಂದಲೇ ತಿಳಿಯಿತು: ಅವಳನ್ನು ನಿಮ್ಮ ಊರಿನ ಹಾಸ್ಟೆಲ್ಲಿಗೆ ಸೇರಿಸಿ ಮುಂದೆ ಓದಿಸಬೇಕು ಎಂದು ಅವಳ ಅಮ್ಮ ಕೂಡಿಡುತ್ತಿರುವ ಹಣ ಅದು. ಫೀಸು ಕಟ್ಟದಿದ್ದರೆ ಅವಳ ಓದು ಇಲ್ಲಿಗೇ ಮುಗಿಯಿತು. ಅಪ್ಪನಿಗೆ ಸಿಕ್ಕಿದರೆ ಅದು ಇಸ್ಪೀಟಿಗೆ.

ಹುಡುಗಿಯ ಅಮ್ಮ ಸಭೆಗೆ ಬಂದಿರಲಿಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳಿಗೆ ಶನಿವಾರವೂ ಕೆಲಸ. ಆಟೋ ಹಿಡಿದು ಓಡಿದೆ. ಪರ್ಸಿನಲ್ಲಿ ಮನೆಗೆ ಹೋಗುವ ಬಸ್ಸಿನ ದುಡ್ಡು ಮಾತ್ರ ಇತ್ತು, ಅದನ್ನೇ ಆಟೋದವನಿಗೆ ಕೊಟ್ಟೆ. ಇವರು ದಿನದಿನದ ಬಸ್ ಚಾರ್ಜನ್ನು ಅಂದಂದೇ ಕೊಡುತ್ತಾರೆ, ಜಾಸ್ತಿ ಇದ್ದರೆ ನಾನು ಕಳೆದುಕೊಳ್ಳುತ್ತೇನೆ ಎಂದು.

ವಿಷಯ ಹೇಳಿದರೆ ಆಕೆ ಬೈಯಲಿಲ್ಲ. ಒದ್ದೆ ಕೈಯನ್ನು ಒರೆಸಿಕೊಳ್ಳದೆ, “ಅವ್ರು ದಾರೀಲಿ ಗೆಳೆಯರ ಹತ್ರ ನಿಂತೇ ನಿಲ್ತಾರೆ. ನೀವು ಈ ಹಾಸಿಗೆ ಬಟ್ಟೆ ಮಡಚ್ತಾ ಇರಿ, ಸೂಪರ್‌ವೈಸರ್ ಬಂದ್ರೆ ಬಾತ್‌ರೂಮಿಗೆ ಹೋಗಿದಾಳೆ ಅನ್ನಿ” ಎಂದವಳೇ ಹಿಂದಿನ ಓಣಿಯಲ್ಲಿ ಓಡಿದಳು. ನಾನು ಮಡಚಿದೆ. ಅಂಚಿಗೆ ಅಂಚು ಕೂಡಲಿಲ್ಲ.

ಏದುಸಿರು ಬಿಡುತ್ತಾ ವಾಪಸು ಬಂದಳು. ಹಿಟ್ಟು ಮೆತ್ತಿದ ಒಂದು ಪುಟ್ಟ ಕಾಲುಚೀಲವನ್ನು ನನ್ನ ಮಡಿಲಿಗೆ ಹಾಕಿದಳು. “ಊರಿಗೆಲ್ಲ ತೋರ್ಸಿದ್ದು ನೀವು, ಇನ್ನು ನೀವೇ ಇಟ್ಕೊಳ್ಳಿ ಟೀಚರಮ್ಮ. ನಿಮ್ಮನೇಲಿ ಯಾರು ಹುಡುಕ್ತಾರೆ?” ಎಂದಳು. ನಾನು ನಕ್ಕೆ. ನಕ್ಕು ತೆಗೆದುಕೊಂಡೆ.

ನಡೆದೇ ಮನೆಗೆ ಹೋದೆ. ತಡವಾದದ್ದಕ್ಕೆ ಸಭೆಯ ನೆಪ ಹೇಳಿದೆ. ಮನೆಯಿಡೀ ಸುತ್ತಿದರೂ ಆ ಕಾಲುಚೀಲ ಇಡಲು ಒಂದು ಜಾಗ ಸಿಗಲಿಲ್ಲ ಅಮ್ಮ. ಇವರು ಕೆಟ್ಟವರಲ್ಲ. ಕುಡಿಯುವುದಿಲ್ಲ, ಕೂಗಾಡುವುದಿಲ್ಲ. ಆದರೆ ಸಂಜೆ ನನ್ನ ಬ್ಯಾಗನ್ನು ಮೇಜಿನ ಮೇಲೆ ಸುರಿದು ನೋಡುತ್ತಾರೆ. ಬೀರು ಜೋಡಿಸುವುದು ಅವರೇ, ಅಡುಗೆಮನೆಯ ಡಬ್ಬಗಳಿಗೆ ಚೀಟಿ ಅಂಟಿಸುವುದೂ ಅವರೇ. ನನ್ನ ಬ್ಯಾಂಕ್ ಕಾರ್ಡ್ ಮದುವೆಯಾದಾಗಿನಿಂದ ಅವರ ಹತ್ತಿರವೇ ಇದೆ. ಎಲ್ಲ ಒಬ್ಬರೇ ನೋಡಿಕೊಂಡರೆ ಸುಲಭ ಎಂದು ನಿನಗೂ ನಾನೇ ಹೇಳಿದ್ದೆನಲ್ಲ. ಸಂಬಳ ನನ್ನದೇ ಜಾಸ್ತಿ. ನಮ್ಮ ಮನೆಯ ಚಿತ್ರ ಬರೆದರೆ ನೀಲಿ ಪೆನ್ಸಿಲನ್ನು ಚೂಪು ಮಾಡುವ ಅಗತ್ಯವೇ ಬೀಳುವುದಿಲ್ಲ. ಕೊನೆಗೆ ಕಾಲುಚೀಲವನ್ನು ಪ್ಯಾಡಿನ ಪೊಟ್ಟಣದೊಳಗೆ ತುರುಕಿದೆ. ಅದೊಂದನ್ನು ಮುಟ್ಟಲು ಅವರಿಗೆ ಅಸಹ್ಯ.

ಸೋಮವಾರ ಹುಡುಗಿ ಶಾಲೆಗೆ ಬಂತು. ಅಪ್ಪ ಡಬ್ಬದ ಹಿಟ್ಟನ್ನೆಲ್ಲ ನೆಲಕ್ಕೆ ಸುರಿದು ಹುಡುಕಿದನಂತೆ. ಈ ಸಲ ಕೈ ಎತ್ತಲಿಲ್ಲವಂತೆ. ಚಿತ್ರ ವಾಪಸು ಕೊಟ್ಟೆ. ಅವಳು ರಬ್ಬರ್ ತೆಗೆದುಕೊಂಡು ನೀಲಿ ಚುಕ್ಕೆಯನ್ನು ಉಜ್ಜಿದಳು, ಕಾಗದ ತೂತಾಗುವ ತನಕ ಉಜ್ಜಿದಳು. “ಇನ್ಮೇಲೆ ಎಲ್ಲಿಡ್ತೀನಿ ಅಂತ ನಂಗೂ ಹೇಳಲ್ವಂತೆ ಮಿಸ್” ಎಂದಳು. ಹೊರಗೆ ಹೋಗಿ ಅತ್ತೆ.

ಈಗ ಬಿಚ್ಚಬಹುದು. ಕಾಲುಚೀಲ ಹಸಿರು ಪರದೆಯ ಅಂಚಿನಲ್ಲಿದೆ, ತಾಯಿ ಮಗಳ ಹೆಸರು ಬರೆದ ಚೀಟಿಯೂ ಅದರೊಳಗೇ ಇದೆ. ನಾಳೆಯೇ ಹಾಸ್ಟೆಲ್ಲಿಗೆ ಹೋಗಿ ಫೀಸು ಕಟ್ಟು, ರಸೀದಿ ಹುಡುಗಿಯ ಅಮ್ಮನ ಹೆಸರಿನಲ್ಲೇ ಇರಲಿ. ಅದನ್ನು ಶಾಲೆಯ ವಿಳಾಸಕ್ಕೆ ಕಳಿಸು, ಮನೆಗೆ ಬೇಡ. ಇವರು ಫೋನ್ ಮಾಡಿ ಕೇಳಿದರೆ ಪರದೆ ಹೊಲಿಯಲು ಬಂದಿವೆ ಎನ್ನು. ನಿನಗೆ ಸುಳ್ಳು ಹೇಳಲು ಬರುವುದಿಲ್ಲ, ಅದೇ ನನಗೆ ಭಯ. ಚಿಕ್ಕ ಮಾತಿನಲ್ಲಿ ಮುಗಿಸಿಬಿಡು.

ನಿನ್ನ ಮಡಿಲಲ್ಲಿ ತಲೆಯಿಡಲು ಕಾದಿರುವ,
ನಿನ್ನ ಹಿರಿಮಗಳು

ಮರೆತ ಮಾತು: ಕಂದು ಪರದೆಯ ಅಸ್ತರಿನಲ್ಲಿ ಇರುವುದು ಹಣವಲ್ಲ, ನನ್ನ ಸರ್ಟಿಫಿಕೇಟುಗಳು. ಮಡಚಿದ್ದಕ್ಕೆ ಬೈಯಬೇಡ, ಇಸ್ತ್ರಿ ಮಾಡಲೂ ಹೋಗಬೇಡ. ನಿನ್ನ ಹಾಸಿಗೆಯ ಕೆಳಗೆ ಹರವಿ ಇಡು. ಪರದೆಗಳನ್ನು ಈಗಲೇ ಹೊಲಿಯುವುದು ಬೇಡ. ಈ ಮನೆಯ ಕಿಟಕಿಗಲ್ಲ ಅವು. ಯಾವ ಕಿಟಕಿಗೆ ಎಂದು ಇನ್ನೂ ಹುಡುಕುತ್ತಿದ್ದೇನೆ, ಸಿಕ್ಕಿದ ಮೇಲೆ ಅಳತೆ ಕಳಿಸುತ್ತೇನೆ.